ಸೊಂಟ, ತೊಡೆ ಮತ್ತು ಬಸ್ಕಿಯ ಲೆಕ್ಕ



ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಒಂದಾದ ಮೇಲೊಂದು ಬರುವ ಊರುಗಳು. ದೈಹಿಕ ಶಿಕ್ಷಣ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಈ ಮೂರೂ ಊರುಗಳಲ್ಲಿ ಕೆಲವು ದಿನ ಕಳೆದು ಬಂದೆ. ಒಂದು ಕಾಲೇಜಿನಲ್ಲಿ ಕೆಲಸ ಮುಗಿದು, ಹುಡುಗರು ದೀಪಗಳನ್ನು ಇಳಿಸಿ ವೈರು ಸುತ್ತುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಮಡಚಿದ ಚೀಟಿಯೊಂದನ್ನು ನನ್ನ ಕೈಗಿಟ್ಟಳು. ಮೊದಲ ಸಾಲನ್ನಷ್ಟೇ ಓದಿದೆ: "ಮೇಡಂ, ನನ್ನ ತೊಡಿ ಭಾಳ ದಪ್ಪ ಅದಾವ. ಒಂದು ತಿಂಗಳದಾಗ ಸಣ್ಣ ಆಗಾಕ ಯಾವ ವ್ಯಾಯಾಮ ಮಾಡಬೇಕ್ರಿ?" ಬಸ್ಸಿನ ಹೊತ್ತಾಗುತ್ತಿದೆ ಎಂದು ಆಕೆಯೂ ಅವಸರದಲ್ಲಿದ್ದಳು, ನಾನೂ ಅವಸರದಲ್ಲಿದ್ದೆ. "ದಿನಾ ಐವತ್ತು ಬಸ್ಕಿ ಹೊಡೀರಿ" ಎಂದು ಹೇಳಿ ಚೀಟಿಯನ್ನು ಡೈರಿಯೊಳಗೆ ಇಟ್ಟುಕೊಂಡೆ.

ರಾತ್ರಿ ವಸತಿಗೃಹದಲ್ಲಿ ಡೈರಿ ತೆರೆದಾಗ ಎರಡನೆಯ ಸಾಲು ಕಣ್ಣಿಗೆ ಬಿತ್ತು: "ಮಧ್ಯಾಹ್ನದ ಊಟ ಬಿಟ್ಟು ಹದಿನೈದು ದಿನ ಆತು." ಕೆಳಗೆ ಹೆಸರಿರಲಿಲ್ಲ.

ಊಟ ಬಿಟ್ಟ ಹುಡುಗಿಗೆ ಐವತ್ತು ಬಸ್ಕಿ ಹೇಳಿ ಬಂದಿದ್ದೆ. ವಿಜ್ಞಾನದ ಪದವಿ ಪಡೆದವಳು ನಾನು; ಹಾಗೆ ಹೇಳಬಾರದಿತ್ತು. ಆಕೆಗೆ ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮಗೆಲ್ಲರಿಗೂ ಹೇಳುತ್ತೇನೆ. ಹುಡುಗರೂ ಕೇಳಬೇಕು. ತೊಡೆ ನಿಮಗೂ ಇದೆ, ಇನ್ನೊಬ್ಬರ ತೊಡೆಯ ಬಗ್ಗೆ ಮಾತಾಡುವ ಚಟವೂ ನಿಮ್ಮಲ್ಲಿ ಕೆಲವರಿಗಿದೆ.

ಮೊದಲು ತೊಡೆಯೊಳಗೆ ಏನಿದೆ ಎಂದು ನೋಡೋಣ. ನಡುವೆ ಮೂಳೆ, ಅದು ದೇಹದಲ್ಲೇ ಅತಿ ಉದ್ದದ ಮೂಳೆ. ಅದರ ಸುತ್ತ ಸ್ನಾಯುಗಳು, ಸ್ನಾಯುಗಳ ಮೇಲೆ ಕೊಬ್ಬಿನ ಪದರ, ಎಲ್ಲಕ್ಕೂ ಹೊರಗೆ ಚರ್ಮ. ತೊಡೆಯ ಮುಂಭಾಗದಲ್ಲಿ ನಾಲ್ಕು ತಲೆಗಳಿರುವ ಕ್ವಾಡ್ರಿಸೆಪ್ಸ್ ಇದೆ. ಮಡಚಿದ ಮಂಡಿಯನ್ನು ನೇರ ಮಾಡುವುದು ಅದರ ಕೆಲಸ. ಹಿಂಭಾಗದಲ್ಲಿ ಹ್ಯಾಮ್‌ಸ್ಟ್ರಿಂಗ್ ಎಂಬ ಮೂರು ಸ್ನಾಯುಗಳ ಗುಂಪು ಮಂಡಿಯನ್ನು ಮಡಚುತ್ತದೆ, ಸೊಂಟದ ಕೀಲನ್ನು ಹಿಂದಕ್ಕೆ ಎಳೆಯುತ್ತದೆ. ಒಳಭಾಗದ ಸ್ನಾಯುಗಳು ಎರಡು ತೊಡೆಗಳನ್ನು ಕೂಡಿಸುತ್ತವೆ. ಹಿಂದೆ ಮೇಲ್ಗಡೆ, ನಾವು ಕೂರುವ ಜಾಗದಲ್ಲಿ, ಗ್ಲೂಟಿಯಸ್ ಮ್ಯಾಕ್ಸಿಮಸ್. ದೇಹದ ಅತಿ ದೊಡ್ಡ ಸ್ನಾಯು ಇದೇ. ಮನುಷ್ಯ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು, ಓಡಿ, ಗುಡ್ಡ ಹತ್ತುವುದಕ್ಕೆ ಅದು ಬೇಕು. ಸೊಂಟದ ಪಕ್ಕದಲ್ಲಿ ಅದರ ತಮ್ಮನಂತೆ ಗ್ಲೂಟಿಯಸ್ ಮೀಡಿಯಸ್ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಇನ್ನು ಕೊಬ್ಬು. ಬಾಲ್ಯದಲ್ಲಿ ಹುಡುಗ ಹುಡುಗಿಯರ ಮೈಯಲ್ಲಿ ಕೊಬ್ಬು ಹಂಚಿಕೊಂಡಿರುವ ರೀತಿಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಪ್ರಾಯಕ್ಕೆ ಬಂದಾಗ ಹುಡುಗಿಯರ ದೇಹದಲ್ಲಿ ಈಸ್ಟ್ರೋಜೆನ್ ಹಾರ್ಮೋನು ಹೆಚ್ಚುತ್ತದೆ. ಅದರ ಪ್ರಭಾವದಿಂದ ಕೊಬ್ಬು ವಿಶೇಷವಾಗಿ ಸೊಂಟ, ನಿತಂಬ, ತೊಡೆಗಳಲ್ಲಿ ಶೇಖರವಾಗುತ್ತದೆ. ಸೊಂಟದ ಮೂಳೆಗಳೂ ಅಗಲವಾಗುತ್ತವೆ. ಮುಂದೆ ಬಸುರಿ ಬಾಣಂತಿಯಾದಾಗ ಬೇಕಾಗುವ ಶಕ್ತಿಯ ಉಗ್ರಾಣ ಅದು. ಈ ಭಾಗದ ಕೊಬ್ಬು ಸುಲಭವಾಗಿ ಕರಗುವುದೂ ಇಲ್ಲ. ಹೊಟ್ಟೆಯೊಳಗಿನ ಕೊಬ್ಬು ಬೇಗ ಬಂದು ಬೇಗ ಹೋಗುವಂಥದು, ತೊಡೆಯದು ನಿಧಾನ. ಆದರೆ ಮಧುಮೇಹ, ಹೃದ್ರೋಗಗಳ ದೃಷ್ಟಿಯಿಂದ ವೈದ್ಯರು ಚಿಂತಿಸುವುದು ಹೊಟ್ಟೆಯ ಕೊಬ್ಬಿನ ಬಗ್ಗೆ. ಭಾರತೀಯರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ತೊಡೆಗೆ ಅಂಥ ಗೆರೆಯನ್ನು ಯಾರೂ ಎಳೆದಿಲ್ಲ. ಹಾಗಾಗಿ ಹದಿನೇಳು ವರ್ಷದ ಹುಡುಗಿಯ ತೊಡೆ ತುಂಬಿಕೊಂಡಿದ್ದರೆ ಅದನ್ನು ರೋಗವೆಂದು ನೋಡಬೇಕಿಲ್ಲ.

"ಅದೆಲ್ಲ ಸರಿ, ಬಸ್ಕಿ ಹೊಡೆದರೆ ಅಲ್ಲಿನ ಕೊಬ್ಬು ಕರಗುತ್ತದೋ ಇಲ್ಲವೋ ಹೇಳಿ" ಎಂದು ನೀವು ಕೇಳಬಹುದು. ಯಾವ ಅಂಗಕ್ಕೆ ವ್ಯಾಯಾಮವೋ ಆ ಅಂಗದ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ನಡುಪಟ್ಟಿ ಕಟ್ಟಿಕೊಂಡರೆ ಸಾಕು ಎಂದು ಮಾರುವ ಜಾಹೀರಾತುಗಳು ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಅಂಥ ಜಾಹೀರಾತುಗಳು ಬರುವುದು ನಾನು ಕೆಲಸ ಮಾಡುವ ಮಾಧ್ಯಮದಲ್ಲೇ ಎಂಬುದು ನನಗೆ ಹೆಮ್ಮೆಯ ಸಂಗತಿಯಲ್ಲ. 1971ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಇದನ್ನು ಜಾಣತನದಿಂದ ಪರೀಕ್ಷಿಸಿದರು. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ಕೈಯಿಂದ ಚೆಂಡು ಹೊಡೆಯುತ್ತಾರಲ್ಲವೇ? ಅವರ ಎರಡೂ ಕೈಗಳನ್ನು ಅಳೆದು ನೋಡಿದರು. ಆಡುವ ಕೈ ದಪ್ಪವಾಗಿತ್ತು, ಅಂದರೆ ಸ್ನಾಯು ಬೆಳೆದಿತ್ತು. ಚರ್ಮದಡಿಯ ಕೊಬ್ಬಿನ ದಪ್ಪ ಮಾತ್ರ ಎರಡೂ ಕೈಗಳಲ್ಲಿ ಒಂದೇ ಆಗಿತ್ತು. 1984ರಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಕೆಲವು ಗಂಡಸರಿಂದ 27 ದಿನಗಳಲ್ಲಿ ಒಬ್ಬೊಬ್ಬರಿಂದ ಐದು ಸಾವಿರ ಸಲ ಮಲಗಿ ಏಳುವ ಹೊಟ್ಟೆಯ ವ್ಯಾಯಾಮ ಮಾಡಿಸಿ, ಹೊಟ್ಟೆ, ಬೆನ್ನು, ನಿತಂಬ ಮೂರೂ ಕಡೆಯಿಂದ ಕೊಬ್ಬಿನ ಕೋಶಗಳನ್ನು ತೆಗೆದು ನೋಡಿದರು. ಕೋಶಗಳು ಸ್ವಲ್ಪ ಕುಗ್ಗಿದ್ದವು, ಆದರೆ ಮೂರೂ ಕಡೆ ಹೆಚ್ಚುಕಡಿಮೆ ಸಮನಾಗಿ. ದುಡಿದದ್ದು ಹೊಟ್ಟೆ, ಖರ್ಚು ಹಾಕಿದ್ದು ಇಡೀ ದೇಹ.

ಈಗ ನೀವೇ ಒಂದು ಲೆಕ್ಕ ಮಾಡಿ. ಭೌತಶಾಸ್ತ್ರದ ಪುಸ್ತಕದಲ್ಲಿರುವ ಸೂತ್ರವೇ ಸಾಕು. 50 ಕಿಲೊಗ್ರಾಂ ತೂಕದ ವಿದ್ಯಾರ್ಥಿನಿ ಕುಳಿತು ಎದ್ದಾಗ ಆಕೆಯ ದೇಹ ಸುಮಾರು ಅರ್ಧ ಮೀಟರ್ ಮೇಲೇರುತ್ತದೆ ಎಂದುಕೊಳ್ಳಿ. ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ 245 ಜೂಲ್. ನೂರು ಬಸ್ಕಿಗೆ 24,500 ಜೂಲ್. ಇದು ಆರು ಕಿಲೊಕ್ಯಾಲೊರಿಗೂ ಕಡಿಮೆ. ಸ್ನಾಯು ತಾನು ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಆದ್ದರಿಂದ ನಾಲ್ಕರಿಂದ ಗುಣಿಸಿ, ಕೆಳಗಿಳಿಯುವ ಶ್ರಮವನ್ನೂ ಸೇರಿಸಿ: ಹೆಚ್ಚೆಂದರೆ ಮೂವತ್ತು ಕಿಲೊಕ್ಯಾಲೊರಿ. ಒಂದು ಕಿಲೊ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. ಅಂದರೆ ನೂರು ಬಸ್ಕಿಗೆ ಕರಗುವ ಕೊಬ್ಬು ನಾಲ್ಕು ಗ್ರಾಂ. ಅದೂ ತೊಡೆಯಿಂದಲೇ ಅಲ್ಲ, ಮೈಯೆಲ್ಲದರಿಂದ. ಸಿಂಧನೂರಿನ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಒಗ್ಗರಣೆಯ ಜೊತೆ ತಿಂದ ಒಂದೇ ಒಂದು ಮಿರ್ಚಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. (ಮಿರ್ಚಿ ಬಿಡಿ ಎನ್ನುತ್ತಿಲ್ಲ. ಚಿತ್ರೀಕರಣದ ದಿನಗಳಲ್ಲಿ ನಾವು ಅದರ ಮೇಲೆಯೇ ಬದುಕಿದೆವು.)

ಹಾಗಿದ್ದರೆ ಬಸ್ಕಿ ಯಾಕೆ? ಸ್ನಾಯುವಿಗಾಗಿ. ಕನ್ನಡದಲ್ಲಿ "ಮೈಕಟ್ಟು" ಎಂಬ ಒಳ್ಳೆಯ ಮಾತಿದೆ. ಕಟ್ಟುವುದು ಎಂದರೆ ಸೇರಿಸುವುದು, ಕಳೆಯುವುದಲ್ಲ. ತೊಡೆಯ ಆಕಾರ ಬಿಗಿಯಾಗಿ ಕಾಣುವುದು ಒಳಗಿನ ಸ್ನಾಯು ಬೆಳೆದಾಗ. ಆ ಸ್ನಾಯು ಮಂಡಿಯ ಕೀಲನ್ನು ಕಾಯುತ್ತದೆ, ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಅದು ಎಳೆಯುವ ಎಳೆತಕ್ಕೆ ಮೂಳೆಯೂ ಗಟ್ಟಿಯಾಗುತ್ತದೆ. ಮೂಳೆಗೆ ಹೆಚ್ಚಿನ ಬಲ ತುಂಬಿಕೊಳ್ಳುವುದು ನಿಮ್ಮ ಈಗಿನ ವಯಸ್ಸಿನಲ್ಲೇ.

ನಮ್ಮ ಶಾಲೆಗಳಲ್ಲಿ ಬಸ್ಕಿಗೆ ಬೇರೆಯೇ ಅರ್ಥ ಬಂದುಬಿಟ್ಟಿತ್ತು. ಕಿವಿ ಹಿಡಿದು ಬಸ್ಕಿ ಹೊಡೆಯುವುದು ಶಿಕ್ಷೆ. ಏಳನೆಯ ತರಗತಿಯಲ್ಲಿ ಮನೆಗೆಲಸದ ಲೆಕ್ಕ ಮಾಡದೇ ಹೋದುದಕ್ಕೆ ನನಗೂ ಒಮ್ಮೆ ನೂರು ಬಿದ್ದಿತ್ತು. ಆಮೇಲೆ ಮೂರು ದಿನ ಶೌಚಕ್ಕೆ ಕೂರುವುದೂ ಕಷ್ಟವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ, ಒಳ್ಳೆಯದಾಯಿತು. ಆದರೆ ಒಂದು ನಷ್ಟ ಉಳಿದಿದೆ. ಅತ್ಯುತ್ತಮ ವ್ಯಾಯಾಮವೊಂದನ್ನು ಕಂಡರೆ ನಮಗೆ ನಾಚಿಕೆ. ಕ್ಯಾಮೆರಾ ಮುಂದೆ ಬಸ್ಕಿ ತೋರಿಸಿ ಎಂದಾಗ ಹುಡುಗಿಯರು ಮುಖ ಮುಖ ನೋಡಿ ನಕ್ಕರು. ಒಬ್ಬ ಹುಡುಗನ ಕೈಗಳು ತಾವಾಗಿಯೇ ಕಿವಿಗೆ ಹೋದವು.

ಗರಡಿಯ ಪೈಲ್ವಾನರಿಗೆ ಈ ನಾಚಿಕೆ ಇಲ್ಲ. ದಂಡ, ಬಸ್ಕಿ ಎರಡೂ ಸಾಮಿನ ಅಡಿಪಾಯ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ "ಮಾನಸೋಲ್ಲಾಸ"ದಲ್ಲಿ ಮಲ್ಲರ ಅಭ್ಯಾಸದ ವಿವರಗಳಿವೆ: ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಮು. ಮೈಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ.

ಬಸ್ಕಿಯಲ್ಲೂ ಎರಡು ಬಗೆಗಳಿವೆ. ಗರಡಿಯ ಬಸ್ಕಿಯಲ್ಲಿ ಕೂರುವಾಗ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಮುಂದಕ್ಕೆ ಹೋಗುತ್ತದೆ. ಭಾರವೆಲ್ಲ ತೊಡೆಯ ಮುಂಭಾಗದ ಮೇಲೆ. ಇನ್ನೊಂದು, ನಮ್ಮ ಹಳ್ಳಿಯ ಹಿರಿಯರು ಕಟ್ಟೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂರುತ್ತಾರಲ್ಲ, ಆ ರೀತಿ: ಪಾದ ಪೂರ್ತಿ ನೆಲಕ್ಕೆ ಊರಿರುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ. ಇದರಲ್ಲಿ ನಿತಂಬದ ಸ್ನಾಯುಗಳಿಗೂ ಸಮಪಾಲು ಸಿಗುತ್ತದೆ. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ.

ಹೇಗೆ ಮಾಡಬೇಕು? ತರಗತಿಯ ಬೆಂಚಿಗೆ ಬೆನ್ನು ಮಾಡಿ ನಿಲ್ಲಿ. ಪಾದಗಳ ನಡುವೆ ಭುಜದಷ್ಟು ಅಂತರವಿರಲಿ, ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿರಲಿ. ಕೈಗಳನ್ನು ಮುಂದೆ ಚಾಚಿ. ಮೊದಲು ಸೊಂಟವನ್ನು ಹಿಂದಕ್ಕೆ ತಳ್ಳಿ, ಆಮೇಲೆ ಮಂಡಿ ಮಡಚಿ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿದು ಬೆಂಚಿಗೆ ಮೆಲ್ಲನೆ ತಾಗಿ. ದೊಪ್ಪನೆ ಕೂರಬೇಡಿ. ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಿ. ಮಂಡಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟಲು ಹೋಗುತ್ತಿದ್ದರೆ ಪಾದದ ಬೆರಳುಗಳ ನೇರಕ್ಕೆ ತಳ್ಳಿಕೊಳ್ಳಿ. ಇಳಿಯುವಾಗ ಉಸಿರು ಒಳಕ್ಕೆ, ಏಳುವಾಗ ಹೊರಕ್ಕೆ. ಇದು ಸಲೀಸಾದ ಮೇಲೆ ಬೆಂಚು ಬೇಡ. ಇನ್ನೂ ಸಲೀಸಾದಾಗ ಪುಸ್ತಕ ತುಂಬಿದ ಚೀಲವನ್ನು ಎದೆಗೆ ಅವಚಿಕೊಂಡು ಮಾಡಿ.

ಈಗ ನಿಮ್ಮನ್ನು ಸಿಂಧನೂರಿನ ಗದ್ದೆಗೆ ಕರೆದೊಯ್ಯುತ್ತೇನೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಬಂದು, ಜೋಳದ ನಾಡಾಗಿದ್ದ ಈ ಸೀಮೆ ಭತ್ತದ ನಾಡಾಯಿತು. ಕಾಲುವೆಗೆ ನೀರು ಬಿಟ್ಟರೆಂದರೆ ನಾಟಿ ಶುರು. ಸಾಲಾಗಿ ನಿಂತ ಹೆಂಗಸರು ಕೆಸರಿನಲ್ಲಿ ಬಗ್ಗಿ, ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ನಾವು ಹೋದಾಗ ಗದ್ದೆಯ ಬದುವಿನ ಮೇಲೆ ಕ್ಯಾಮೆರಾ ಇಟ್ಟು ಅದನ್ನು ಪಕ್ಕದಿಂದ ತೆಗೆದೆವು. ಆಮೇಲೆ ಪರದೆಯ ಮೇಲೆ ನಿಧಾನಗತಿಯಲ್ಲಿ ನೋಡಿದಾಗ ಒಂದು ಸಂಗತಿ ತಿಳಿಯಿತು. ವರ್ಷಗಟ್ಟಲೆ ಈ ಕೆಲಸ ಮಾಡಿದ ಹೆಂಗಸಿನ ಬೆನ್ನು ಉದ್ದಕ್ಕೆ ಚಪ್ಪಟೆಯಾಗಿತ್ತು. ಆಕೆ ಬಗ್ಗುತ್ತಿದ್ದುದು ಸೊಂಟದ ಕೀಲಿನಲ್ಲಿ, ಬಾಗಿಲು ತನ್ನ ಕೀಲಿನಲ್ಲಿ ತಿರುಗುವ ಹಾಗೆ. ಪಕ್ಕದಲ್ಲಿದ್ದ ಹೊಸ ಹುಡುಗಿಯ ಬೆನ್ನು ಮಾತ್ರ ಬಿಲ್ಲಿನಂತೆ ಬಾಗಿತ್ತು. ಆಕೆ ಬಗ್ಗುತ್ತಿದ್ದುದು ಬೆನ್ನುಮೂಳೆಯಲ್ಲಿ. ಮೊದಲಿನವಳ ಭಾರವನ್ನು ತೊಡೆಯ ಹಿಂಭಾಗದ ಸ್ನಾಯುಗಳು, ನಿತಂಬಗಳು ಹೊರುತ್ತಿದ್ದವು; ಎರಡನೆಯವಳದನ್ನು ಬೆನ್ನಿನ ಕಟ್ಟುಗಳು ಹೊರುತ್ತಿದ್ದವು.

ಈ ಬಗ್ಗುವಿಕೆಯೇ ಒಂದು ವ್ಯಾಯಾಮ. ಒಂದು ಕೋಲನ್ನು ಬೆನ್ನಿನ ಉದ್ದಕ್ಕೂ ಹಿಡಿದುಕೊಳ್ಳಿ. ಅದು ತಲೆಯ ಹಿಂಭಾಗ, ಬೆನ್ನಿನ ನಡು, ಸೊಂಟದ ಕೆಳಭಾಗ ಮೂರಕ್ಕೂ ತಾಗಿರಬೇಕು. ಮಂಡಿಯನ್ನು ಸ್ವಲ್ಪವೇ ಸಡಿಲಿಸಿ, ಸೊಂಟವನ್ನು ಹಿಂದಿನ ಗೋಡೆ ಮುಟ್ಟಿಸುವವರಂತೆ ತಳ್ಳುತ್ತ ಬಗ್ಗಿ. ಕೋಲು ಮೂರರಲ್ಲಿ ಯಾವ ಕಡೆಯಿಂದ ಬಿಟ್ಟರೂ ಅಲ್ಲಿಗೆ ನಿಲ್ಲಿಸಿ. ತೊಡೆಯ ಹಿಂದೆ ಎಳೆತ ಕಂಡರೆ ಸರಿಯಾಗಿದೆ ಎಂದರ್ಥ. ನಿತಂಬಗಳನ್ನು ಬಿಗಿ ಮಾಡುತ್ತ ನೆಟ್ಟಗಾಗಿ. ಹೊಲಕ್ಕೆ ಹೋಗುವ ವಿದ್ಯಾರ್ಥಿಗಳು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಇದನ್ನು ಕಲಿತರೆ ಗೊಬ್ಬರದ ಚೀಲ ಎತ್ತುವಾಗಲೂ ಉಪಯೋಗಕ್ಕೆ ಬರುತ್ತದೆ.

ಹಾಗೆಂದು, "ಹೊಲದ ಕೆಲಸವೇ ದೊಡ್ಡ ವ್ಯಾಯಾಮ, ಅವರಿಗೆ ಬೇರೆ ಬೇಡ" ಎಂದು ನಾನು ಹೇಳಲಾರೆ. ಪೇಟೆಯವರು ಸುಲಭವಾಗಿ ಆಡುವ ಮಾತು ಅದು. ನಾಟಿ ಮಾಡುವ ಹಿರಿಯಾಕೆಯೊಬ್ಬರಿಗೆ ನಮ್ಮ ಕಾರ್ಯಕ್ರಮದ ವಿಷಯ ತಿಳಿಸಿದಾಗ ಅವರು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, "ಯವ್ವಾ, ಕುಂತು ಏಳಾದೂ ಕಲಸ್ತೀರೇನು? ನಮಗ ಒಂದೀಟು ಕುಂದರಾಕ ಕಲಸ್ರಿ ಸಾಕು" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅವರ ಮಾತಿನಲ್ಲಿ ವಿಜ್ಞಾನವಿದೆ. ದಿನವಿಡೀ ಒಂದೇ ಭಂಗಿಯಲ್ಲಿ ದುಡಿದಾಗ ಸ್ನಾಯುವಿಗೆ ಬೆಳೆಯಲು ಬಿಡುವು ಸಿಗುವುದಿಲ್ಲ. ಸ್ನಾಯು ಬಲಿಯುವುದು ದುಡಿಯುವಾಗಲ್ಲ. ದುಡಿದ ಮೇಲೆ ಉಂಡು, ಮಲಗಿ, ಸುಧಾರಿಸಿಕೊಳ್ಳುವಾಗ. ವ್ಯಾಯಾಮಕ್ಕೂ ದುಡಿತಕ್ಕೂ ಇರುವ ವ್ಯತ್ಯಾಸ ಅಷ್ಟೇ. ಸಾಕೆನಿಸಿದಾಗ ನಿಲ್ಲಿಸುವ ಹಕ್ಕು ವ್ಯಾಯಾಮ ಮಾಡುವವನಿಗಿದೆ.

ವಿದ್ಯಾರ್ಥಿಗಳ ತೊಂದರೆ ಇದಕ್ಕೆ ತಿರುಗುಮುರುಗು. ಲಿಂಗಸುಗೂರಿನಲ್ಲಿ ಹುಡುಗ ಹುಡುಗಿಯರ ದಿನಚರಿ ಬರೆಸಿ ನೋಡಿದೆವು. ಬಸ್ಸಿನಲ್ಲಿ ಕೂರುವುದು, ತರಗತಿಯಲ್ಲಿ ಕೂರುವುದು, ಮನೆಗೆ ಬಂದು ಮೊಬೈಲು ಹಿಡಿದು ಕೂರುವುದು. ಕೂತಾಗ ಸೊಂಟದ ಮುಂಭಾಗದ ಸ್ನಾಯುಗಳು ಮಡಚಿಕೊಂಡೇ ಇರುತ್ತವೆ, ನಿತಂಬದ ಸ್ನಾಯುಗಳು ಕೆಲಸವಿಲ್ಲದೆ ಮಲಗಿರುತ್ತವೆ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಮೊದಲ ಸಲ ದೂರದರ್ಶನ ಬಂದಾಗ ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ನಾನಾಗ ಹುಟ್ಟಿರಲಿಲ್ಲ. ಸಂಜೆ ಊರಿಗೆ ಒಂದೇ ಪೆಟ್ಟಿಗೆ. ಜನ ನಡೆದು ಬಂದು ನೆಲದ ಮೇಲೆ ಕೂತು ನೋಡಿ, ಎದ್ದು ನಡೆದು ಹೋಗುತ್ತಿದ್ದರು. ನೆಲದಿಂದ ಏಳುವುದೂ ಒಂದು ಬಸ್ಕಿಯೇ. ಕುರ್ಚಿ, ಸೋಫಾ ಬಂದ ಮೇಲೆ ಅದೂ ಹೋಯಿತು.

ಮೊದಲು ಹೇಳಿದ ಗ್ಲೂಟಿಯಸ್ ಮೀಡಿಯಸ್ ಸ್ನಾಯುವನ್ನು ಪರೀಕ್ಷಿಸಲು ಕನ್ನಡಿಯ ಮುಂದೆ ಒಂದೇ ಕಾಲಿನ ಮೇಲೆ ನಿಲ್ಲಿ. ಎತ್ತಿದ ಕಾಲಿನ ಕಡೆಯ ಸೊಂಟ ಕೆಳಕ್ಕೆ ಜಾರಿದರೆ, ಊರಿದ ಕಾಲಿನ ಕಡೆಯ ಈ ಸ್ನಾಯು ದುರ್ಬಲವಾಗಿದೆ ಎಂದು ತಿಳಿಯಬಹುದು. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ನಾವು ಕ್ಷಣಕಾಲ ಒಂಟಿಗಾಲಿನವರೇ. ಆಗ ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಇದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹೆಸರಾದದ್ದು. ಅಲ್ಲಿ ಹಲಗೆಯ ಗತ್ತಿಗೆ ಹೆಜ್ಜೆ ಹಾಕಿ ಕುಣಿಯುವವರನ್ನು ನೋಡಿದ್ದೀರಾ? ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ ಗಂಟೆಗಟ್ಟಲೆ ಕುಣಿಯುವಾಗ ದುಡಿಯುವುದು ಇದೇ ಸ್ನಾಯು. ಕುಣಿಯಲು ಬಾರದವರು ಪಕ್ಕಕ್ಕೆ ಹೊರಳಿ ಮಲಗಿ, ಕೆಳಗಿನ ಕಾಲು ಮಡಚಿ, ಮೇಲಿನ ಕಾಲನ್ನು ನೇರವಾಗಿ ಒಂದು ಮೊಳದಷ್ಟು ಎತ್ತಿ ಇಳಿಸಿ. ಬೆರಳು ಆಕಾಶ ನೋಡಬಾರದು, ಎದುರಿನ ಗೋಡೆ ನೋಡಬೇಕು.

ಮಲಗಿಯೇ ಮಾಡುವ ಇನ್ನೊಂದು, ಯೋಗದವರು ಸೇತುಬಂಧ ಎನ್ನುವುದು. ಅಂಗಾತ ಮಲಗಿ ಮಂಡಿ ಮಡಚಿ, ಪಾದ ಊರಿ, ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸಿ. ಎತ್ತುವುದು ನಿತಂಬದ ಬಲದಿಂದ. ನಡುವನ್ನು ಕಮಾನಿನಂತೆ ಬಗ್ಗಿಸಬೇಡಿ. ಮಂಡಿಗಳ ನಡುವೆ ಮಡಚಿದ ಟವೆಲ್ ಒತ್ತಿ ಹಿಡಿದರೆ ತೊಡೆಯ ಒಳಭಾಗದ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ನನಗೆ ಇದು ಇಷ್ಟವಾಗಲು ವ್ಯಾವಹಾರಿಕ ಕಾರಣವೊಂದಿದೆ. "ಎಲ್ಲಿ ಮಾಡಾದು ಮೇಡಂ? ಅಂಗಳದಾಗ ಮಾಡಿದ್ರ ಓಣಿ ಮಂದಿ ನೋಡ್ತಾರ" ಎಂದು ಮೂರೂ ಊರುಗಳಲ್ಲಿ ಹುಡುಗಿಯರು ಹೇಳಿದರು. ಮೈದಾನಗಳು ಹುಡುಗರ ಕ್ರಿಕೆಟ್ಟಿಗೆ ಮೀಸಲಾಗಿವೆ. ಹುಡುಗಿಯರಿಗೂ ಒಂದು ಹೊತ್ತು ಮೈದಾನ ಬಿಡಿಸಿಕೊಡುವುದು ಕಾಲೇಜಿನವರ ಕರ್ತವ್ಯ, ಕೇಳಿ ಪಡೆಯಿರಿ. ಅಲ್ಲಿಯವರೆಗೆ ಈ ವ್ಯಾಯಾಮಕ್ಕೆ ಒಂದು ಚಾಪೆ, ಮುಚ್ಚಿದ ಬಾಗಿಲು, ಹತ್ತು ನಿಮಿಷ ಸಾಕು. ಚೂಡಿದಾರದಲ್ಲೇ ಮಾಡಬಹುದು.

ಮಸ್ಕಿಯವರಿಗೆ ಬಾಗಿಲಲ್ಲೇ ವ್ಯಾಯಾಮಶಾಲೆ ಇದೆ. ಅದು ಬೆಟ್ಟ. ಮೇಲೆ ಮಲ್ಲಿಕಾರ್ಜುನನ ಗುಡಿ, ಬಂಡೆಯ ಆಸರೆಯಲ್ಲಿ ಅಶೋಕನ ಶಾಸನ. ನಿಜಾಮರ ಕಾಲದಲ್ಲಿ, 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತ ಈ ಗುಡ್ಡಗಳನ್ನು ಸುತ್ತುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅದನ್ನು ಕಂಡರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಹೆಸರು ಸಮೇತ ಖಚಿತವಾದದ್ದು ಇಲ್ಲಿನ ಬರಹದಿಂದ. ಚಿನ್ನ ಹುಡುಕಿದವನ ತೊಡೆಗಳು ಗಟ್ಟಿಯಾಗಿದ್ದುದರಿಂದ ಇತಿಹಾಸಕ್ಕೆ ಲಾಭವಾಯಿತು ಎಂದು ನಮ್ಮ ಛಾಯಾಗ್ರಾಹಕರು ಏದುಸಿರು ಬಿಡುತ್ತ ಹೇಳಿದರು.

ಹತ್ತುವಾಗ ಒಂದು ಗಮನವಿರಲಿ. ಪಾದವನ್ನು ಪೂರ್ತಿ ಮೆಟ್ಟಿಲ ಮೇಲೆ ಊರಿ, ಮೇಲಿನ ಕಾಲಿನ ಬಲದಿಂದಲೇ ಏಳಿ; ಕೆಳಗಿನ ಕಾಲಿನಿಂದ ನೆಗೆಯಬೇಡಿ. ಇಳಿಯುವುದು ಸುಲಭವೆನಿಸುತ್ತದೆ, ಆದರೆ ಮರುದಿನ ತೊಡೆ ನೋಯುವುದು ಇಳಿದದ್ದಕ್ಕೇ ಹೆಚ್ಚು. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯಬೇಕು. ಆಗ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹರಿತ ಉಂಟಾಗುತ್ತದೆ. ಎರಡು ಮೂರು ದಿನದಲ್ಲಿ ಅದು ಸರಿಹೋಗುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ. ಬೆಟ್ಟವಿಲ್ಲದ ಊರಿನವರಿಗೆ ಶಾಲೆಯ ಮೆಟ್ಟಿಲು ಅಥವಾ ಅರಳಿಕಟ್ಟೆ ಸಾಕು. ಈ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ನಿಮಗೆ ಗೊತ್ತು. ಮಾರ್ಚಿ ಕಳೆದ ಮೇಲೆ ಬಿಸಿಲೇರುವ ಮುಂಚೆಯೇ ಮುಗಿಸಿಬಿಡಿ.

ಎಷ್ಟು ಮಾಡಬೇಕು? ಇಲ್ಲಿ ಅತಿಯಾಸೆ ಬೇಡ. ಮೊದಲ ವಾರ ಪ್ರತಿಯೊಂದನ್ನೂ ಎಂಟು ಹತ್ತು ಸಲ, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಎರಡು ಸುತ್ತು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಹದಿನೈದು ಸಲ ಸುಲಭವಾದಾಗ ಸಂಖ್ಯೆ ಏರಿಸುವ ಬದಲು ಭಾರ ಏರಿಸಿ. ಎಣ್ಣೆಯ ಖಾಲಿ ಕ್ಯಾನಿಗೆ ನೀರು ತುಂಬಿಸಿಕೊಂಡರೆ ಲೀಟರಿಗೆ ಒಂದು ಕಿಲೊ, ಲೆಕ್ಕವೂ ಸುಲಭ. ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಸ್ನಾಯು ಬೆಳೆದದ್ದರಿಂದಲ್ಲ, ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿತದ್ದರಿಂದ. ಕಣ್ಣಿಗೆ ಕಾಣುವ ಬದಲಾವಣೆಗೆ ಎರಡು ತಿಂಗಳಾದರೂ ಬೇಕು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಅರವತ್ತು ನಿಮಿಷ ಮೈ ಬೆವರುವಂತೆ ಓಡಾಡಬೇಕು, ಅದರಲ್ಲಿ ವಾರಕ್ಕೆ ಮೂರು ದಿನ ಸ್ನಾಯು, ಮೂಳೆಗೆ ಬಲ ಬರುವ ವ್ಯಾಯಾಮವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡಿಗೆ, ಸೈಕಲ್, ಹಗ್ಗದಾಟ, ಖೋಖೋ ಎಲ್ಲವೂ ಅದರಲ್ಲಿ ಸೇರುತ್ತವೆ.

ಪಂತ ಕಟ್ಟಿ ಒಂದೇ ದಿನ ಮುನ್ನೂರು, ಐನೂರು ಬಸ್ಕಿ ಹೊಡೆಯುವ ಹುಡುಗರಿಗೆ ಒಂದು ಎಚ್ಚರಿಕೆ. ಅಭ್ಯಾಸವಿಲ್ಲದ ಸ್ನಾಯುವನ್ನು ಹೀಗೆ ದಂಡಿಸಿದರೆ ಅದರ ಎಳೆಗಳು ಒಡೆದು, ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ತೊಡೆ ಬಾತು, ಮೂತ್ರ ಚಹಾದ ಕಷಾಯದ ಬಣ್ಣಕ್ಕೆ ತಿರುಗಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು, ಮಂಡಿಯೊಳಗೆ ಚುಚ್ಚಿದಂತೆ ನೋವಾದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಲಿ. ಮುಟ್ಟಿನ ದಿನಗಳಲ್ಲಿ ವ್ಯಾಯಾಮ ಮಾಡಬಾರದು ಎಂಬ ನಿಯಮವೇನೂ ಇಲ್ಲ. ಮೈ ಒಪ್ಪಿದಷ್ಟು ಮಾಡಿ.

ಈಗ ಚೀಟಿಯ ಎರಡನೆಯ ಸಾಲಿಗೆ ಬರುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಹತ್ತು ಹುಡುಗಿಯರಲ್ಲಿ ಹೆಚ್ಚುಕಡಿಮೆ ಆರು ಜನ. ರಕ್ತದಲ್ಲಿ ಹಿಮೊಗ್ಲೋಬಿನ್ ಕಡಿಮೆಯಾದರೆ ಸ್ನಾಯುವಿಗೆ ಆಮ್ಲಜನಕ ಸಾಲದು. ಎರಡು ಮಹಡಿ ಹತ್ತಿದರೆ ಎದೆ ಡವಡವ, ಓದಲು ಕೂತರೆ ತೂಕಡಿಕೆ. ಇಂಥ ಸ್ಥಿತಿಯಲ್ಲಿ ಊಟ ಬಿಟ್ಟರೆ ಕರಗುವುದು ಕೊಬ್ಬು ಮಾತ್ರವಲ್ಲ. ಆಹಾರದಲ್ಲಿ ಪ್ರೋಟೀನು ಸಾಲದಾದಾಗ ದೇಹ ತನ್ನ ಸ್ನಾಯುವನ್ನೂ ಒಡೆದು ಬಳಸುತ್ತದೆ. ತೊಡೆ ಸಣ್ಣಗಾಗಬಹುದು, ಆದರೆ ಬಿಗಿಯಾಗದು, ಜೋತುಬೀಳುತ್ತದೆ. ಮುಟ್ಟು ಏರುಪೇರಾಗುತ್ತದೆ, ಮೂಳೆ ಬಲ ಕಳೆದುಕೊಳ್ಳುತ್ತದೆ. ಹಸಿವು ತಡೆದವರು ಸಂಜೆ ಸಿಕ್ಕಿದ್ದನ್ನು ತಿನ್ನುವುದೂ ಉಂಟು, ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ನಿಮ್ಮ ಸೀಮೆಯ ಊಟ ಒಳ್ಳೆಯದು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಇದರಲ್ಲಿ ನಾರು, ಪ್ರೋಟೀನು, ಕಬ್ಬಿಣ ಎಲ್ಲವೂ ಇದೆ. ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆ ಹೀರಲ್ಪಡುತ್ತದೆ. ರಾಯಚೂರೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದ್ದು ಸುಮ್ಮನೆ ಅಲ್ಲ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಕಿಟಕಿಯಿಂದ ಎಸೆಯುವವರೂ ಇದ್ದಾರೆ. ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಹಿಮೊಗ್ಲೋಬಿನ್ ಬಹಳ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ವ್ಯಾಯಾಮ ಏರಿಸಬೇಕು.

ಒಂದು ತಪ್ಪೊಪ್ಪಿಗೆ ಉಳಿದಿದೆ. ಬಹಳ ವರ್ಷಗಳ ಹಿಂದೆ, ಈ ಕೆಲಸಕ್ಕೆ ಹೊಸಬಳಾಗಿದ್ದಾಗ, ಕವಾಯತಿನ ದೃಶ್ಯವೊಂದಕ್ಕೆ ಹುಡುಗಿಯರನ್ನು ಸಾಲು ನಿಲ್ಲಿಸುತ್ತಿದ್ದೆ. ಮೈಕೈ ತುಂಬಿಕೊಂಡಿದ್ದ ಒಬ್ಬಳನ್ನು ಹಿಂದಿನ ಸಾಲಿಗೆ ಕಳಿಸಿದೆ, ಚಿತ್ರ ಚೆನ್ನಾಗಿ ಬರಲಿ ಎಂದು. ಆ ಮಧ್ಯಾಹ್ನ ಬಿಸಿಲಿಗೆ ಮುಂದಿನ ಸಾಲಿನ ತೆಳ್ಳನೆಯ ಹುಡುಗಿ ತಲೆ ತಿರುಗಿ ಬಿದ್ದಳು. ಆಕೆಯನ್ನು ಬೆನ್ನ ಮೇಲೆ ಹೊತ್ತು ನೆರಳಿಗೆ ತಂದವಳು ಹಿಂದಿನ ಸಾಲಿನವಳೇ. ಅವಳ ಕಾಲುಗಳು ಒಂದಿಷ್ಟೂ ನಡುಗಲಿಲ್ಲ.

ತೊಡೆಯ ಸುತ್ತಳತೆಯನ್ನು ದಿನಾ ಟೇಪು ಹಿಡಿದು ಅಳೆಯುವುದರಿಂದ ಬೇಸರವಷ್ಟೇ ಸಿಗುತ್ತದೆ, ಏಕೆಂದರೆ ಸ್ನಾಯು ಬೆಳೆದಾಗ ಅಳತೆ ಮೊದಲಷ್ಟೇ ಇರಬಹುದು. ಬೇರೆ ಅಳತೆ ಹೇಳುತ್ತೇನೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಗೆಳತಿಯಿಂದ ಎಣಿಸಿ, ನೋಟುಪುಸ್ತಕದ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆದಿಡಿ. ಎಂಟು ವಾರದ ನಂತರ ಅದೇ ಕುರ್ಚಿಯ ಮೇಲೆ ಮತ್ತೆ ಎಣಿಸಿ.

ಚೀಟಿ ಬರೆದ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ: ಮಧ್ಯಾಹ್ನ ಬುತ್ತಿ ಬಿಚ್ಚಿ ಉಣ್ಣಿರಿ. ಆಮೇಲೆ ಸಂಜೆ ಬಸ್ಕಿ. ಐವತ್ತು ಎಂದಿದ್ದೆನಲ್ಲ, ಅದನ್ನು ಹತ್ತು ಎಂದು ತಿದ್ದಿಕೊಳ್ಳಿ.